ಹಳೆಯ ಗಣಕಯಂತ್ರಕ್ಕೆ ತಕ್ಕ ಕಂಪೈಲರ್

ಗಣಕಯಂತ್ರದ ಪ್ರೊಸೆಸರಿಗೆ ತಿಳಿಯುವುದು ಸಂಖ್ಯಾರೂಪದ ಆಜ್ಞೆಗಳು ಮಾತ್ರ. ‘ಸಿ’ ಮುಂತಾದ ಭಾಷೆಗಳಲ್ಲಿ ನಾವು ಬರೆದ ಪ್ರೋಗ್ರಾಮನ್ನು ಆ ಆಜ್ಞೆಗಳಾಗಿ ಮಾರ್ಪಡಿಸುವ ಸಾಧನವೇ ಕಂಪೈಲರ್. ಇದು ದುಭಾಷಿಯಿದ್ದಂತೆ. ದುಭಾಷಿಯು ಎಷ್ಟೇ ಪಂಡಿತನಾಗಿರಲಿ, ಕೇಳುವವನು ಅರಿಯದ ಪದಗಳನ್ನು ಬಳಸಿದರೆ ಆ ಪಾಂಡಿತ್ಯದಿಂದ ಪ್ರಯೋಜನವೇನು?

ಪ್ರೊಸೆಸರುಗಳ ಪದಸಂಪತ್ತು ಕಾಲಕ್ರಮದಲ್ಲಿ ಬೆಳೆದಿದೆ. ಇಂಟೆಲ್ ಸಂಸ್ಥೆಯ 8086 ಎಂಬ 16 ಬಿಟ್ಟಿನ ಪ್ರೊಸೆಸರು 1978ರಲ್ಲಿಯೂ, 32 ಬಿಟ್ಟಿನ 80386 1985ರಲ್ಲಿಯೂ ಹೊರಬಂದವು. 1999ರ ಪೆಂಟಿಯಂ 3ರಲ್ಲಿ ಎಸ್‌ಎಸ್‌ಇ ಎಂಬ ಆಜ್ಞಾಸಮೂಹವೂ, 2000ದ ಪೆಂಟಿಯಂ 4ರಲ್ಲಿ ಎಸ್‌ಎಸ್‌ಇ-2 ಎಂಬುದೂ ಸೇರಿದವು. ಈ ವಂಶದಲ್ಲಿ ಕಿರಿಯರು ಹಿರಿಯರ ಮಾತನ್ನು ಬಲ್ಲರು. ಹಿರಿಯರು ಕಿರಿಯರ ಹೊಸ ಮಾತನ್ನು ಅರಿಯರು. ಅರಿಯದ ಆಜ್ಞೆ ಎದುರಾದೊಡನೆ ಪ್ರೋಗ್ರಾಂ ನಿಂತುಬಿಡುತ್ತದೆ. ಯಂತ್ರವೇ ಕೆಟ್ಟಿತೆಂದು ಭಾವಿಸಿ ಅದನ್ನು ಗುಜರಿಗೆ ಹಾಕುವವರುಂಟು. ದೋಷವು ಯಂತ್ರದ್ದಲ್ಲ, ದುಭಾಷಿಯ ಆಯ್ಕೆಯದು.

ಒಂದು ನಿದರ್ಶನವನ್ನು ನೋಡಿರಿ. ಮೈಕ್ರೋಸಾಫ್ಟಿನ ವಿಷುಯಲ್ ಸಿ ಪ್ಲಸ್ ಪ್ಲಸ್ ಕಂಪೈಲರು 2012ರ ಆವೃತ್ತಿಯಿಂದ, ಬೇರೆ ಸೂಚನೆ ಕೊಡದಿದ್ದರೆ, 32 ಬಿಟ್ಟಿನ ಪ್ರೋಗ್ರಾಮುಗಳಲ್ಲಿಯೂ ಎಸ್‌ಎಸ್‌ಇ-2 ಆಜ್ಞೆಗಳನ್ನು ಬಳಸುತ್ತದೆ. ಅಂತಹ ಪ್ರೋಗ್ರಾಮು ಪೆಂಟಿಯಂ 3ರಲ್ಲಿ ನಡೆಯಲಾರದು. ಆದುದರಿಂದ ‘ಐಎ32’ ಎಂಬ ಸೂಚನೆಯನ್ನು ನಾವೇ ಕೊಡಬೇಕಾಗುತ್ತದೆ.

ಆಯ್ಕೆಯ ಕ್ರಮವು ಹೀಗಿರಲಿ:

1. ಮೊದಲು ಯಂತ್ರದ ಪ್ರೊಸೆಸರು ಯಾವುದೆಂದು ತಿಳಿಯಿರಿ. ಹಲವು ಯಂತ್ರಗಳಲ್ಲಿ ಓಡಬೇಕಾದರೆ ಅವುಗಳಲ್ಲಿ ಅತ್ಯಂತ ಹಳೆಯದನ್ನೇ ಆಧಾರವಾಗಿ ಹಿಡಿಯಿರಿ.

2. ಅದಕ್ಕೆ ತಕ್ಕ ಕಂಪೈಲರನ್ನು ಆರಿಸಿರಿ. 8086 ಮತ್ತು ಡಾಸ್ ವ್ಯವಸ್ಥೆಗೆ ಓಪನ್ ವಾಟ್ಕಾಮ್, 80386 ಮತ್ತು ಅನಂತರದವಕ್ಕೆ ಜಿಸಿಸಿ, ಜೆಡ್80ಕ್ಕೆ ಎಸ್‌ಡಿಸಿಸಿ, 6502ಕ್ಕೆ ಸಿಸಿ65 ಒಪ್ಪುತ್ತವೆ. ಇವೆಲ್ಲವೂ ಬೆಲೆಯಿಲ್ಲದೆ ದೊರೆಯುತ್ತವೆ.

3. ಸೂಚನೆಯನ್ನು ಸ್ಪಷ್ಟವಾಗಿ ಕೊಡಿರಿ. ಜಿಸಿಸಿಯಲ್ಲಿ ‘ಮಾರ್ಚ್’ ಎಂಬ ಸೂಚನೆಯು ಯಾವ ಆಜ್ಞೆಗಳನ್ನು ಬಳಸಬಹುದೆಂಬುದನ್ನು ನಿರ್ಧರಿಸುತ್ತದೆ. ‘ಟ್ಯೂನ್’ ಎಂಬುದು ವೇಗಕ್ಕಾಗಿ ಆಜ್ಞೆಗಳನ್ನು ಹೊಂದಿಸುವುದೇ ಹೊರತು ಹೊಸ ಆಜ್ಞೆಗಳಿಗೆ ಎಡೆಗೊಡುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

4. ಪ್ರೋಗ್ರಾಮಿನೊಡನೆ ಸೇರುವ ಸಿದ್ಧ ಲೈಬ್ರರಿಗಳನ್ನೂ ಪರೀಕ್ಷಿಸಿರಿ. ನಮ್ಮ ಬರಹವು ಸರಿಯಾಗಿದ್ದರೂ ಲೈಬ್ರರಿಯಲ್ಲಿ ಹೊಸ ಆಜ್ಞೆಯೊಂದು ಅಡಗಿದ್ದರೆ ಶ್ರಮವೆಲ್ಲ ವ್ಯರ್ಥ.

5. ಕಡೆಗೆ, ಆ ಹಳೆಯ ಯಂತ್ರದಲ್ಲಿಯೇ ಓಡಿಸಿ ನೋಡಿರಿ. ಹೊಸ ಯಂತ್ರದಲ್ಲಿ ಓಡಿತೆಂಬುದು ಸಾಕ್ಷಿಯಾಗಲಾರದು.

ಪೋಷಕರಲ್ಲಿ ಒಂದು ಮಾತು. ಮನೆಯ ಮೂಲೆಯಲ್ಲಿರುವ ಹಳೆಯ ಗಣಕಯಂತ್ರವು ಇಂದಿನ ಅಂತರ್ಜಾಲದ ಕೆಲಸಗಳಿಗೆ ಸಾಲದಿರಬಹುದು. ಆದರೆ ಲೆಕ್ಕ ಮಾಡುವ, ಅಕ್ಷರ ಜೋಡಿಸುವ ಪ್ರೋಗ್ರಾಮನ್ನು ಮಗುವು ತಾನೇ ಬರೆದು ನಡೆಸಿ ನೋಡಲು ಅದು ಧಾರಾಳವಾಗಿ ಸಾಕು. ಹೊಸದನ್ನು ಕೊಳ್ಳಲು ಹಣವಿಲ್ಲವೆಂಬ ಕಾರಣದಿಂದ ಯಾವ ಮಗುವಿನ ವಿದ್ಯೆಯೂ ನಿಲ್ಲಬೇಕಾಗಿಲ್ಲ. ಕೇಳುವವನನ್ನು ಅರಿತು ಮಾತನಾಡುವುದೇ ಈ ಪಾಠದ ಸಾರ.