ನೀಲಿ ಕೋಳಿಯ ಮರಿಗಳೆಲ್ಲ ನೀಲಿಯೇಕಲ್ಲ?

ಅಂದಕ್ಕಾಗಿ ಸಾಕುವ ಕೋಳಿಗಳಲ್ಲಿ ಆಂಡಲೂಸಿಯನ್ ತಳಿಯ ನೀಲಿ ಬಣ್ಣ ಹೆಸರುವಾಸಿಯಾದುದು. ಸ್ಪೇನ್ ದೇಶದ ದಕ್ಷಿಣ ಪ್ರಾಂತ್ಯವೊಂದರ ಹೆಸರು ಇದಕ್ಕೆ ಬಂದಿದೆ. ನೀಲಿಯೆಂದರೆ ನವಿಲಿನ ನೀಲಿಯಲ್ಲ. ಸ್ಲೇಟಿನಂಥ ಬೂದು ನೀಲಿ, ಗರಿಯ ಅಂಚಿಗೆ ಕಪ್ಪು ಗೆರೆ. ಕೊಚಿನ್, ಆರ್ಪಿಂಗ್ಟನ್, ಸಿಲ್ಕಿ ತಳಿಗಳಲ್ಲಿಯೂ ಇದೇ ನೀಲಿಯುಂಟು.

ಒಳ್ಳೆಯ ಬೆಲೆ ತೆತ್ತು ನೀಲಿ ಹುಂಜವನ್ನೂ ನೀಲಿ ಹೇಟೆಯನ್ನೂ ತಂದು ಮರಿ ಮಾಡಿಸಿದವರಿಗೆ ಒಂದು ನಿರಾಶೆ ಕಾದಿರುತ್ತದೆ. ಹನ್ನೆರಡು ಮರಿಗಳಲ್ಲಿ ಆರು ನೀಲಿ, ಮೂರು ಕಪ್ಪು, ಉಳಿದ ಮೂರು ಮಾಸಲು ಬಿಳುಪಿನ ಮೇಲೆ ನೀಲಿಗಪ್ಪು ಕಲೆಗಳುಳ್ಳವು! ಮಾರಿದವನು ಮೋಸ ಮಾಡಿದನೆಂದೋ ಪಕ್ಕದ ಮನೆಯ ಹುಂಜ ಬೇಲಿ ಹಾರಿತೆಂದೋ ಜಗಳವಾಗುವುದು ಇಲ್ಲಿಯೇ. ತಪ್ಪು ಇಬ್ಬರದೂ ಇಲ್ಲದಿರಬಹುದು.

ಪ್ರತಿಯೊಂದು ಗುಣಕ್ಕೂ ಮರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿ ಬರುತ್ತದೆ. ಕಪ್ಪು ಬಣ್ಣವನ್ನು ತಿಳಿಗೊಳಿಸುವ ವಂಶವಾಹಿ ಒಂದಿದೆ. ಅದು ಇಲ್ಲದ ಕೋಳಿ ಕಪ್ಪು. ಒಂದೇ ಬಂದರೆ ನೀಲಿ. ಎರಡೂ ಕಡೆಯಿಂದ ಬಂದರೆ ಕಲೆಬಿಳಿ. ಇದನ್ನು ಸಾಕುವವರು ಸ್ಪ್ಲ್ಯಾಶ್ ಎನ್ನುತ್ತಾರೆ. ಅಂದರೆ ನೀಲಿ ಕೋಳಿ ಯಾವಾಗಲೂ ಅರೆಪಾಲಿನದು. ಕಾಫಿಗೆ ಹಾಲು ಬೆರೆತಂತೆ ಬಣ್ಣ ಬೆರೆತುಹೋಗಿಲ್ಲ. ಅವರೆಯೊಳಗೆ ಹುರುಳಿ ಸೇರಿದಂತಿದೆ. ಮುಂದಿನ ಪೀಳಿಗೆಯಲ್ಲಿ ಜರಡಿ ಹಿಡಿದ ಹಾಗೆ ಮತ್ತೆ ಬೇರೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟ್ಸನ್ ಮತ್ತು ಪನೆಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಈ ಕೋಳಿಗಳಲ್ಲಿ ಮೆಂಡಲನ ನಿಯಮವನ್ನು ತೋರಿಸಿಕೊಟ್ಟರು.

ಹಾಗಾದರೆ ಎಲ್ಲ ಮರಿಗಳೂ ನೀಲಿಯಾಗಬೇಕಾದರೆ? ಕಪ್ಪು ಹುಂಜಕ್ಕೆ ಕಲೆಬಿಳಿ ಹೇಟೆಯನ್ನು ಕೂಡಿಸಿರಿ, ಇಲ್ಲವೆ ಕಲೆಬಿಳಿ ಹುಂಜಕ್ಕೆ ಕಪ್ಪು ಹೇಟೆಯನ್ನು. ನೂರಕ್ಕೆ ನೂರು ನೀಲಿ. ಬೇಡವೆಂದು ಅಗ್ಗಕ್ಕೆ ಮಾರುವ ಕಲೆಬಿಳಿ ಮರಿಯೇ ಇಲ್ಲಿ ಬೆಲೆಯುಳ್ಳದ್ದು. ನೀಲಿಗೆ ಕಪ್ಪನ್ನು ಕೂಡಿಸಿದರೆ ಅರ್ಧ ನೀಲಿ, ಅರ್ಧ ಕಪ್ಪು. ನೀಲಿಗೆ ಕಲೆಬಿಳಿಯನ್ನು ಕೂಡಿಸಿದರೆ ಅರ್ಧ ನೀಲಿ, ಅರ್ಧ ಕಲೆಬಿಳಿ. ಇವೆಲ್ಲ ಬಹಳ ಮರಿಗಳ ಮೇಲಿನ ಲೆಕ್ಕ. ಒಂದೇ ಕಾವಿನಲ್ಲಿ ಹೆಚ್ಚುಕಡಿಮೆಯಾದರೆ ಆಶ್ಚರ್ಯಪಡಬೇಕಾಗಿಲ್ಲ. ಹಸು ಸತತವಾಗಿ ಮೂರು ಹೋರಿಗರು ಹಾಕುವುದಿಲ್ಲವೆ?

ಬಿಳಿ ಕೋಳಿಗಳೆಲ್ಲ ಕಲೆಬಿಳಿಯಲ್ಲ ಎಂಬುದನ್ನು ಮರೆಯಬಾರದು. ಬಿಳಿ ಲೆಗ್‌ಹಾರ್ನ್‌ನ ಬಿಳುಪು ಬೇರೆಯೇ ಆದ ಪ್ರಬಲ ವಂಶವಾಹಿಯದು. ಅದನ್ನು ಕಪ್ಪಿಗೆ ಕೂಡಿಸಿದರೆ ಬಹುಮಟ್ಟಿಗೆ ಬಿಳಿಯ ಮರಿಗಳೇ ಬರುತ್ತವೆ, ಒಂದೂ ನೀಲಿಯಾಗದು. ಆದ್ದರಿಂದ ನೀಲಿ ತಂದೆತಾಯಿಗಳಿಂದ ಹುಟ್ಟಿದ್ದೆಂದು ಖಚಿತವಾಗಿ ಗೊತ್ತಿರುವ ಕಲೆಬಿಳಿಯನ್ನೇ ಕೊಳ್ಳಿರಿ.

ನೀಲಿಯಂತೆಯೇ ಕಾಣುವ ಲ್ಯಾವೆಂಡರ್ ಎಂಬ ಇನ್ನೊಂದು ಬಣ್ಣವೂ ಇದೆ. ಇದು ಸುಪ್ತ ಗುಣ. ಎರಡು ಲ್ಯಾವೆಂಡರ್ ಕೋಳಿಗಳನ್ನು ಕೂಡಿಸಿದರೆ ಮರಿಗಳೆಲ್ಲ ಲ್ಯಾವೆಂಡರ್; ಶುದ್ಧ ಕಪ್ಪಿಗೆ ಕೂಡಿಸಿದರೆ ಮರಿಗಳೆಲ್ಲ ಕಪ್ಪು, ಬಣ್ಣ ಒಳಗೇ ಅಡಗಿರುತ್ತದೆ. ಗರಿಯಲ್ಲಿ ಕೆಂಪು ಇದ್ದರೆ ಗುರುತಿಸುವುದು ಸುಲಭ: ನೀಲಿಯ ವಂಶವಾಹಿ ಕೆಂಪನ್ನು ಮುಟ್ಟುವುದಿಲ್ಲ, ಲ್ಯಾವೆಂಡರ್ ಅದನ್ನೂ ತಿಳಿಹಳದಿ ಮಾಡುತ್ತದೆ. ಕೊಳ್ಳುವ ಮೊದಲು ಯಾವುದೆಂದು ಕೇಳಿ ತಿಳಿಯುವುದು ಒಳ್ಳೆಯದು.

ಜೋಡಿ ಕಟ್ಟುವಾಗ ಹೇಟೆಗಳನ್ನು ಬೇರೆ ಹುಂಜಗಳಿಂದ ಮೂರು ವಾರ ದೂರವಿಡಬೇಕು. ಒಮ್ಮೆ ಕೂಡಿದ ಹುಂಜದ ವೀರ್ಯ ಹೇಟೆಯ ದೇಹದಲ್ಲಿ ಎರಡು ವಾರಕ್ಕೂ ಮೀರಿ ಉಳಿಯುವುದುಂಟು. ಆ ಅವಧಿಯ ಮೊಟ್ಟೆಗಳನ್ನು ತಿನ್ನಲು ಬಳಸಿ, ಅನಂತರದವನ್ನು ಮಾತ್ರ ಕಾವಿಗೆ ಇಡಿರಿ. ಮರಿ ಒಡೆದ ದಿನವೇ ಬಣ್ಣವನ್ನು ಬರೆದಿಡಬಹುದು: ನೀಲಿಯಾಗುವುದರ ತುಪ್ಪುಳು ಹೊಗೆಬಣ್ಣ, ಕಲೆಬಿಳಿಯದು ಮಾಸಲು ಬಿಳಿ, ಕಪ್ಪಿನದು ಕಪ್ಪು, ಹೊಟ್ಟೆಯ ಕೆಳಗೆ ಮಾತ್ರ ಬಿಳುಪು.