ಮಾವನ ಹಾರ್ಡ್‌ಡಿಸ್ಕು ಮತ್ತು ನನ್ನ ಇತರ ತಪ್ಪುಗಳು

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಶೈಕ್ಷಣಿಕ ಜಿಲ್ಲೆ. ನನ್ನ ಗಿರಾಕಿಗಳ ಜಿಲ್ಲೆಯೂ ಅಷ್ಟೇ. ಮಧುಗಿರಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ ಜೆರಾಕ್ಸು, ಗೃಹಪ್ರವೇಶದ ಪತ್ರಿಕೆ, ಮಕ್ಕಳ ಅರ್ಜಿ. ಇವುಗಳ ನಡುವೆ "ಮನೇಗೊಂದು ಕಂಪ್ಯೂಟರ್ ಮಾಡ್ಕೊಡಪ್ಪ, ಜಾಸ್ತಿ ಆಗಬಾರದು" ಅಂದವರಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿ ಕೊಡುತ್ತೇನೆ. ಈ ಕೆಲಸ ನನಗೆ ಯಾರೂ ಕಲಿಸಲಿಲ್ಲ, ಸುಟ್ಟುಕೊಂಡು ಕಲಿತೆ. ಸುಟ್ಟದ್ದು ಹೆಚ್ಚಾಗಿ ಬೇರೆಯವರ ದುಡ್ಡು. ಆದ್ದರಿಂದ ಲೆಕ್ಕ ಒಪ್ಪಿಸುವುದು ನ್ಯಾಯ.

1. ಎಸ್‌ಎಂಪಿಎಸ್ಸಿನ ಚೀಟಿ ನಂಬಬೇಡಿ, ತೂಕ ನೋಡಿ.

2009ನೇ ಇಸವಿ. ಕೊರಟಗೆರೆ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವ ಇಪ್ಪತ್ತು ಸಾವಿರ ಕೈಗಿಟ್ಟು "ನಿನಗೆ ಬಿಟ್ಟಿದ್ದು ಕಣೋ" ಅಂದರು. ಹಾಗೆ ಅನ್ನಬಾರದಿತ್ತು. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮು, 320 ಜಿಬಿ ಹಾರ್ಡ್‌ಡಿಸ್ಕು ಅಂತ ಹೆಸರು ಹೇಳಿಕೊಳ್ಳಬಹುದಾದ ಸಾಮಾನಿಗೆಲ್ಲ ದುಡ್ಡು ಸುರಿದೆ. ಕೊನೆಗೆ ಕ್ಯಾಬಿನೆಟ್ಟಿಗೆ ಉಳಿದದ್ದು ಚಿಲ್ಲರೆ. ಚಿಲ್ಲರೆಗೆ ಸಿಕ್ಕ ಕ್ಯಾಬಿನೆಟ್ಟಿನೊಳಗೆ ಒಂದು ಎಸ್‌ಎಂಪಿಎಸ್ ಬಿಟ್ಟಿಯಾಗಿ ಕೂತಿತ್ತು. ಮೈಮೇಲೆ 450 ವ್ಯಾಟ್ ಅಂತ ಚೀಟಿ. ಚೀಟಿ ಅಂಟಿಸೋದಕ್ಕೆ ಯಾರಿಗೆ ಏನು ಖರ್ಚು?

ನಮ್ಮ ಕಡೆ ಹಳ್ಳಿ ಕರೆಂಟಿನ ಸ್ವಭಾವ ಗೊತ್ತಿದ್ದವನು ನಾನು. ಮೂರು ಫೇಸ್ ಬಂದ ಗಳಿಗೆಗೆ ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಏಳುತ್ತವೆ, ಮನೆಯ ಬಲ್ಬು ಕೆಂಪಗಾಗುತ್ತದೆ. ಮೋಟರುಗಳು ನಿಂತರೆ ವೋಲ್ಟೇಜು ಮೇಲಕ್ಕೆ ಹಾರುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಾರಗಟ್ಟಲೆ ಕತ್ತಲೆ. ಇಷ್ಟೆಲ್ಲ ಗೊತ್ತಿದ್ದೂ ಕಂಪ್ಯೂಟರಿಗೂ ಆ ಕರೆಂಟಿಗೂ ನಡುವೆ ನಿಲ್ಲುವ ಒಂದೇ ಒಂದು ಡಬ್ಬಿಯನ್ನು ಬಿಟ್ಟಿ ತಂದಿದ್ದೆ. ಎಂಟನೇ ತಿಂಗಳು ಮಾವನ ಫೋನು: "ಢಂ ಅಂತು ಕಣೋ. ಹೊಗೆ ಬಂತು."

ಒಳ್ಳೆಯ ಎಸ್‌ಎಂಪಿಎಸ್ಸಿನಲ್ಲಿ ವೋಲ್ಟೇಜು ಮಿತಿ ಮೀರಿದರೆ ತಾನೇ ಆರಿಹೋಗುವ ಏರ್ಪಾಡು ಇರುತ್ತದೆ. ಸತ್ತರೆ ಅದೊಂದೇ ಸಾಯುತ್ತದೆ. ಇದು ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಮಾವನ ಮನೆಯ ಫೋಟೋಗಳಿದ್ದವು. ಮಗಳ ನಾಮಕರಣ, ಅಜ್ಜಿ ಇದ್ದಾಗಿನ ಒಂದು ಯುಗಾದಿ. "ನಾನು ತೆಗೆದುಕೊಡ್ತೀನಿ ಮಾವ" ಅಂದುಬಿಟ್ಟೆ. ಅದೇ ಮಾದರಿಯ ಇನ್ನೊಂದು ಡಿಸ್ಕು ಹುಡುಕಿ ತಂದು, ಅದರ ಬೆನ್ನಿನ ಹಸಿರು ಬೋರ್ಡು ಬಿಚ್ಚಿ ಇದಕ್ಕೆ ಹಾಕಿದೆ. ತಿರುಗಿತು, ಟಕ್ ಟಕ್ ಅಂತು, ನಿಂತಿತು. ಪ್ರತಿ ಡಿಸ್ಕಿಗೂ ಅದರದೇ ಆದ ಸೂಕ್ಷ್ಮ ಅಳತೆಗಳಿರುತ್ತವೆ, ಅವು ಹೆಚ್ಚಾಗಿ ಆ ಹಸಿರು ಬೋರ್ಡಿನ ಮೇಲಿರುವ ಎಂಟು ಕಾಲಿನ ಸಣ್ಣ ಚಿಪ್ಪಿನಲ್ಲಿ ಕೂತಿರುತ್ತವೆ, ಅದನ್ನೂ ಕಿತ್ತು ಹೊಸ ಬೋರ್ಡಿಗೆ ಕೂರಿಸಬೇಕು ಅನ್ನೋದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಈಗ ಎಸ್‌ಎಂಪಿಎಸ್ಸನ್ನು ಮೊದಲು ಕೈಯಲ್ಲಿ ಎತ್ತಿ ನೋಡುತ್ತೇನೆ. ಹಗುರ ಇದ್ದರೆ ಒಳಗೆ ಇರಬೇಕಾದದ್ದು ಇಲ್ಲ ಅಂತಲೇ. ಆಮೇಲೆ ದೊಡ್ಡಕ್ಷರ ಬಿಟ್ಟು ಸಣ್ಣಕ್ಷರ ಓದುತ್ತೇನೆ. 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್ ಅಂತಿದ್ದರೆ, 12 ಹದಿನಾರಲೆ 192. ಮುಖದ ಮೇಲೆ 450 ಬರೆದಿದ್ದರೂ ದುಡಿಮೆ ಅಷ್ಟೇ. ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಯ ಯಂತ್ರಕ್ಕೆ ನೂರು, ನೂರೈವತ್ತು ವ್ಯಾಟ್ ಧಾರಾಳ. ಬೇಕಾಗಿರೋದು ದೊಡ್ಡ ಸಂಖ್ಯೆಯಲ್ಲ, ನಿಜ ಹೇಳುವ ಸಂಖ್ಯೆ.

2. ಕ್ಯಾಬಿನೆಟ್ ಮುಟ್ಟಿದರೆ ಜುಂ ಅಂದರೆ ಚಪ್ಪಲಿ ಪರಿಹಾರವಲ್ಲ.

ಶಿರಾದ ಒಂದು ಮನೆಯಲ್ಲಿ ಅಜ್ಜಿ ಧೂಳು ಒರೆಸಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು. "ಇದ್ರ ಮೈಮೇಲೆ ಏನೋ ಬತ್ತದೆ ಕಣಪ್ಪ" ಅಂದರು. ನಾನು ದೊಡ್ಡ ಮನುಷ್ಯನ ಹಾಗೆ ನಕ್ಕು, "ಏನಿಲ್ಲ ಅಜ್ಜಿ, ಚಪ್ಪಲಿ ಹಾಕ್ಕೊಂಡು ಮುಟ್ಟಿ" ಅಂತ ಹೇಳಿ ಬಂದೆ. ಎಸ್‌ಎಂಪಿಎಸ್ಸಿನೊಳಗೆ ಕರೆಂಟಿನ ಗದ್ದಲ ತಡೆಯುವ ಸಣ್ಣ ಕೆಪಾಸಿಟರುಗಳಿರುತ್ತವೆ. ಫೇಸಿನಿಂದೊಂದು, ನ್ಯೂಟ್ರಲಿನಿಂದೊಂದು ಬಂದು ಲೋಹದ ಮೈಗೆ ಸೇರುತ್ತವೆ. ಮೈಗೆ ಅರ್ಥಿಂಗ್ ಇದ್ದರೆ ಸೋರಿದ ಕರೆಂಟು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಸುಮಾರು ಅರ್ಧ ವೋಲ್ಟೇಜು ಕ್ಯಾಬಿನೆಟ್ಟಿನ ಮೇಲೇ ನಿಂತಿರುತ್ತದೆ, ಯಾರಾದರೂ ಮುಟ್ಟಲಿ ಅಂತ. ಕರೆಂಟು ಸಣ್ಣದು, ಜುಂ ಅನ್ನಿಸಿ ಬಿಡುತ್ತದೆ. ಆದರೆ ಒಳಗಿನ ತಂತಿಯೇ ಸವೆದು ಮೈಗೆ ತಾಗಿದ ದಿನ ಅಷ್ಟಕ್ಕೆ ಬಿಡುವುದಿಲ್ಲ.

ಪ್ಲಗ್ಗಿನಲ್ಲಿ ಮೂರನೇ ತೂತು ಇದೆ ಅಂತ ನಂಬಿದ್ದೆ. ಎಷ್ಟೋ ಮನೆಗಳಲ್ಲಿ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ನಮ್ಮ ಬಯಲುಸೀಮೆಯಲ್ಲಿ ಎರಡಡಿ ಅಗೆದರೆ ಬಂಡೆ, ಬೇಸಿಗೆಯಲ್ಲಿ ಮಣ್ಣು ಬೂದಿಯ ಹಾಗೆ ಒಣಗಿರುತ್ತದೆ. ಉಪ್ಪು, ಇದ್ದಿಲು ಹಾಕಿದ ಗುಂಡಿಗೂ ಆಗಾಗ ನೀರು ಸುರಿಯಬೇಕು. ಈಗ ಗಿರಾಕಿಗೆ ಬಿಡಿಭಾಗದ ಪಟ್ಟಿ ಕೊಡುವ ಮೊದಲೇ ಲೈನ್‌ಮ್ಯಾನೋ ಎಲೆಕ್ಟ್ರಿಷಿಯನ್ನೋ ಬಂದು ಫೇಸಿಗೂ ಅರ್ಥಿಗೂ ನಡುವೆ ಬಲ್ಬು ಹಿಡಿದು ನೋಡಲಿ ಅಂತೀನಿ. ಅಜ್ಜಿ ಹೇಳಿದ್ದೇ ಸರಿ, ಮೈಮೇಲೆ ಬರುತ್ತಿತ್ತು.

3. ಒಂದಕ್ಷರ ಓದದೆ ಹೋದರೆ ನಾಲ್ಕು ಸಾವಿರ.

ಕೋವಿಡ್ ಕಾಲದಲ್ಲಿ ಎಲ್ಲ ಮನೆಗೂ ಒಮ್ಮೆಲೇ ಕಂಪ್ಯೂಟರು ಬೇಕಾಯಿತು. 2021ರಲ್ಲಿ ಒಬ್ಬ ಮೇಷ್ಟ್ರ ಮನೆಗೆ ಐ3 10100ಎಫ್ ಪ್ರೊಸೆಸರ್ ತಂದೆ. ಬರೀ 10100ಕ್ಕಿಂತ ಎರಡು ಸಾವಿರ ಅಗ್ಗ. ಕೊಸರಾಡದೆ ಸಿಕ್ಕ ಲಾಭ ಅಂತ ಬಸ್ಸಿನಲ್ಲಿ ಬೀಗುತ್ತಾ ಬಂದೆ. ಜೋಡಿಸಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ರ‍್ಯಾಮು ತೆಗೆದು ರಬ್ಬರಿನಿಂದ ಉಜ್ಜಿದೆ. ಕೇಬಲ್ ಬದಲಿಸಿದೆ. ಬೋರ್ಡಿನ ಸೆಲ್ಲು ತೆಗೆದು ಹಾಕಿದೆ. ಮೇಷ್ಟ್ರ ಮನೆಯವರು ಮೂರನೇ ಸಲ ಕಾಫಿ ತಂದರು. ನಾಲ್ಕು ಗಂಟೆಯ ಮೇಲೆ ಡಬ್ಬಿಯ ಪಕ್ಕದ ಸಣ್ಣ ಸಾಲು ಕಣ್ಣಿಗೆ ಬಿತ್ತು. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕಲೇಬೇಕು.

ಅದೋ, ಜಗತ್ತಿನಲ್ಲೆಲ್ಲ ಚಿಪ್ಪಿಗೆ ಬರ ಬಂದ ವರ್ಷ. ಕ್ರಿಪ್ಟೋ ಅಗೆಯುವವರು ಗ್ರಾಫಿಕ್ಸ್ ಕಾರ್ಡುಗಳನ್ನು ರಾಶಿ ಹಾಕಿಕೊಂಡಿದ್ದರು. ಜಿಟಿ 710 ಅನ್ನುವ ಹಳೇ ಕಾರ್ಡಿಗೆ ನಾಲ್ಕು ಸಾವಿರ ಕೊಟ್ಟೆ, ನನ್ನ ಜೇಬಿನಿಂದ. ಎಎಂಡಿಯಲ್ಲಿ ಲೆಕ್ಕ ತಿರುಗಾಮುರುಗಾ. ರೈಜನ್ 3200ಜಿ, 5600ಜಿ ಥರ ಕೊನೆಗೆ ಜಿ ಇದ್ದರೆ ಗ್ರಾಫಿಕ್ಸ್ ಒಳಗೇ ಇದೆ. ಮಕ್ಕಳ ಪಾಠ, ಟೈಪಿಂಗು, ಸಿನಿಮಾ ಇಷ್ಟಕ್ಕೆ ಅದೇ ಸಾಕು.

4. ಬಾಯಿ ಕೂಡದಿದ್ದರೆ ಬಲ ಹಾಕಬೇಡಿ.

ಡಿಡಿಆರ್3 ರ‍್ಯಾಮನ್ನು ಡಿಡಿಆರ್4ರ ಬಾಯಿಗೆ ಒತ್ತಿದ್ದೇನೆ. ಕಚ್ಚು ಬೇರೆ ಜಾಗದಲ್ಲಿರೋದು ಸುಮ್ಮನೆ ಅಲ್ಲ. ಇದರ ಬಗ್ಗೆ ಹೆಚ್ಚು ಹೇಳಲು ನಾಚಿಕೆ.

5. ದುಡ್ಡು ಕೊಡುವವರನ್ನಲ್ಲ, ಮುಂದೆ ಕೂರುವವರನ್ನು ಕೇಳಿ.

2019ರ ಕೊನೆಯಲ್ಲಿ ಪಾವಗಡ ತಾಲ್ಲೂಕಿನ ಒಂದು ಮನೆ. ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರು. ಎಕರೆಗೆ ವರ್ಷಕ್ಕೆ 21,000ದಂತೆ ಗುತ್ತಿಗೆ ಶುರುವಾದದ್ದು, ಆ ದುಡ್ಡಿನಲ್ಲಿ ಕಂಪ್ಯೂಟರು. ನಾನು ಹೋದ ಹೊತ್ತಿಗೆ ಕರೆಂಟಿರಲಿಲ್ಲ. ಸುತ್ತ ಸುಮಾರು 13,000 ಎಕರೆ ಗಾಜು ಮಿರಮಿರ ಅನ್ನುತ್ತಿತ್ತು. 2,000 ಮೆಗಾವ್ಯಾಟಿನ ಪಾರ್ಕು. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಟವರು ಹತ್ತಿ ದೂರ ಹೋಗುತ್ತದೆ, ಪಕ್ಕದ ಮನೆಯ ಸ್ವಿಚ್ಚಿಗೆ ಇಳಿಯುವುದಿಲ್ಲ. ಮನೆಯ ಯಜಮಾನರು ಅದನ್ನೇ ತೆಲುಗಿನಲ್ಲಿ ಹೇಳಿ ನಕ್ಕರು.

ಮಾತಾಡಿದ್ದೆಲ್ಲ ಮಗನ ಜೊತೆ. ಅವನಿಗೆ ಗೇಮು ಬೇಕು. 3200ಜಿ, ಬೆಳಕಿನ ಫ್ಯಾನಿರುವ ಕ್ಯಾಬಿನೆಟ್ಟು, 1 ಟಿಬಿ ಹಾರ್ಡ್‌ಡಿಸ್ಕು. ದುಡ್ಡು ಸರಿದೂಗಿಸಲು ಯಾವುದೋ ಆಫೀಸು ಬಿಸಾಕಿದ ಹಳೇ ಮಾನಿಟರ್ ಕೊಟ್ಟೆ. ಅದಕ್ಕಿದ್ದದ್ದು ನೀಲಿ ವಿಜಿಎ ಬಾಯಿ ಮಾತ್ರ, ಬಣ್ಣ ಮಂಕು. ಮೂರು ತಿಂಗಳು ಬಿಟ್ಟು ಹೋದರೆ ಮಗ ಮೊಬೈಲಿನಲ್ಲೇ ಆಡುತ್ತಿದ್ದ. ಕಂಪ್ಯೂಟರಿನ ಮುಂದೆ ಕೂತಿದ್ದವರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ತಾಯಿ ಮತ್ತು ಪರೀಕ್ಷೆಗೆ ಓದುವ ಮಗಳು. ನಾನು ಅವರಿಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ. "ಆನ್ ಮಾಡಿ ಹಾಲು ಕಾಯಿಸ್ಕೊಂಡು ಬರಬೋದು ಸಾರ್, ಅಷ್ಟೊತ್ತಿಗೆ ಬಂದಿರ್ತದೆ" ಅಂದರು ತಾಯಿ. ಬೈಗುಳವಾಗಿದ್ದರೆ ಸಲೀಸಾಗಿರುತ್ತಿತ್ತು. ಅವರು ಕಂಪ್ಯೂಟರ್ ಇರೋದೇ ಹೀಗೆ ಅಂದುಕೊಂಡಿದ್ದರು.

ಒಂದು 240 ಜಿಬಿ ಎಸ್‌ಎಸ್‌ಡಿ ಹಾಕಿದೆ. ವಿಂಡೋಸ್ ಅದರ ಮೇಲೆ, ಹಾರ್ಡ್‌ಡಿಸ್ಕು ಬರೀ ಗೋದಾಮು. ಹಾಲು ಒಲೆಗಿಡುವ ಮೊದಲೇ ಪರದೆ ಬಂತು. ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಸಣ್ಣ ಖರ್ಚಿನಲ್ಲಿ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಕನ್ನಡಕ್ಕೆ ನುಡಿ ತಂತ್ರಾಂಶ ಹಾಕಿಕೊಟ್ಟೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಒಮ್ಮೆ ಕೈಗೆ ಹತ್ತಿದರೆ ಬಿಡುವುದಿಲ್ಲ. ಮಗಳು ಒಂದು ವಾರದಲ್ಲಿ ನನಗಿಂತ ವೇಗ. ಈಗ ಪಟ್ಟಿ ಬರೆಯುವಾಗ ಎಸ್‌ಎಸ್‌ಡಿ, ಮಾನಿಟರು ಮೊದಲು ಬರೆದು, ಉಳಿದ ದುಡ್ಡಿಗೆ ತಕ್ಕ ಪ್ರೊಸೆಸರ್ ಕೊನೆಗೆ ಹಾಕುತ್ತೇನೆ. ಎಸ್‌ಎಸ್‌ಡಿಯಲ್ಲೂ ಒಂದು ಹೊಂಡವಿದೆ. ಬಬಲ್‌ಗಮ್ ಪಟ್ಟಿಯಂಥ ಎಂ.2ರಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ. ಬೋರ್ಡು ಯಾವುದನ್ನು ಒಪ್ಪುತ್ತದೆ ಅಂತ ನೋಡದೆ ತಂದರೆ ಕೂರುತ್ತದೆ, ಕಾಣುವುದಿಲ್ಲ. ಆ ಹೊಂಡಕ್ಕೂ ಬಿದ್ದಿದ್ದೇನೆ.

6. ಹಳೇ ಯಂತ್ರ ಕೊಳ್ಳಿ, ತಲೆಮಾರು ನೋಡಿ.

ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ದುಡಿಸಿ ಬಿಟ್ಟ ಯಂತ್ರಗಳು ಬಡವರ ಪಾಲಿನ ಭಾಗ್ಯ. ಎಸ್‌ಎಂಪಿಎಸ್ ಗಟ್ಟಿ, ಬೋರ್ಡು ಗಟ್ಟಿ. 2022ರಲ್ಲಿ ನಾಲ್ಕನೇ ತಲೆಮಾರಿನ ಐ5 ಯಂತ್ರಗಳನ್ನು ಆರು ಮನೆಗೆ ಕೊಟ್ಟು, "ಇನ್ನು ಹತ್ತು ವರ್ಷ ನೋಡ್ಬೇಡಿ" ಅಂತ ಭರವಸೆಯನ್ನೂ ಕೊಟ್ಟಿದ್ದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯದನ್ನು ಹೆಚ್ಚೂಕಡಿಮೆ ಒಪ್ಪುವುದಿಲ್ಲ, ಟಿಪಿಎಂ 2.0 ಅನ್ನುವ ಭದ್ರತೆಯ ಏರ್ಪಾಡು ಬೇರೆ ಕೇಳುತ್ತದೆ ಅನ್ನೋದು ಆಗಲೇ ಜಗಜ್ಜಾಹೀರಾಗಿತ್ತು. ನನಗಷ್ಟೇ ಗೊತ್ತಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಆರೂ ಮನೆಯವರಿಗೆ ನಾನೇ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ನಾಲ್ವರು ಲಿನಕ್ಸ್ ಹಾಕಿಸಿಕೊಂಡರು. ಒಬ್ಬರು "ನಡೀತಿದೆಯಲ್ಲ, ಬಿಡು" ಅಂದರು. ಇನ್ನೊಬ್ಬರು ಈಗ ಬೇರೆ ಅಂಗಡಿಗೆ ಹೋಗುತ್ತಾರೆ.

ಹೊಸದೇ ಬೇಕು ಅನ್ನುವವರಿಗೆ ಈಗ ರ‍್ಯಾಮಿನ ಬೆಲೆ ಹೇಳಲು ಬಾಯಿ ಬರುವುದಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಎಳೆದುಕೊಂಡು 2025ರ ಕೊನೆಗೆ ಬೆಲೆ ಗಗನಕ್ಕೇರಿತು. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್‌ಡಿಸ್ಕು ದುಬಾರಿಯಾದಾಗಲೂ ಹೀಗೇ ಆಗಿತ್ತು. ಅಲ್ಲಿ ಮಳೆ ಬಂದರೆ ಇಲ್ಲಿ ನಾನು ಬೈಸಿಕೊಳ್ಳುತ್ತೇನೆ. ಸದ್ಯಕ್ಕೆ ಒಂದೇ 8 ಜಿಬಿ ಹಾಕಿ, ಇನ್ನೊಂದು ಬಾಯಿ ಖಾಲಿ ಬಿಡುತ್ತೇನೆ. ಎರಡು 4 ಹಾಕಿದರೆ ಒಳಗಿನ ಗ್ರಾಫಿಕ್ಸಿಗೆ ಒಳ್ಳೆಯದು ಅಂತ ಬಲ್ಲವರು ಹೇಳುತ್ತಾರೆ. ನಿಜವೇ. ಆದರೆ ನಾಳೆ ಹೆಚ್ಚಿಸಬೇಕಾದಾಗ ಎರಡನ್ನೂ ಕಿತ್ತು ಬಿಸಾಡುವ ಮನೆಗಳಲ್ಲ ನಮ್ಮವು.

7. ಯುಪಿಎಸ್ಸಿಗೆ ಲೇಸರ್ ಪ್ರಿಂಟರ್ ಚುಚ್ಚಬೇಡಿ.

ಬಿಸಿಯಾಗುವಾಗ ಅದು ಇಸ್ತ್ರಿಪೆಟ್ಟಿಗೆಯಷ್ಟು ಎಳೆಯುತ್ತದೆ. 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ನನ್ನದೇ ಅಂಗಡಿಯಲ್ಲಿ, ನನ್ನದೇ ಕೈಯಿಂದ, ಅರ್ಧ ಮುಗಿದ ಮದುವೆ ಪತ್ರಿಕೆ ಹೋಯಿತು. ಯುಪಿಎಸ್ಸಿನ ಕೆಲಸ ಫೈಲು ಉಳಿಸಿ ಆರಿಸುವುದಕ್ಕೆ ಹತ್ತು ನಿಮಿಷ ಕೊಡುವುದು. ಧಾರಾವಾಹಿ ಮುಗಿಸುವುದಲ್ಲ.

8. ಕಿತ್ತ ತಗಡನ್ನು ಮುಚ್ಚಿ, ಬಿಲ್ಲನ್ನು ಎತ್ತಿಡಿ.

ಅಗ್ಗದ ಕ್ಯಾಬಿನೆಟ್ಟಿನ ಹಿಂಬದಿಯ ತಗಡಿನ ಪಟ್ಟಿಗಳನ್ನು ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ಮೇಷ್ಟ್ರ ಮನೆಯ ಯಂತ್ರಕ್ಕೆ ಜಿಟಿ 710 ಹಾಕುವಾಗ ಪಕ್ಕದ ಪಟ್ಟಿಯನ್ನೂ ಮುರಿದು, ಆ ಕಿಂಡಿ ಹಾಗೇ ಬಿಟ್ಟೆ. ಯಂತ್ರ ಇದ್ದದ್ದು ರಾಗಿ ಮೂಟೆ ಪಕ್ಕ. ಇಲಿಗೆ ದಾರಿ ತೋರಿಸಿದ್ದು ನಾನೇ. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ಕು ಅದಕ್ಕೆ ರುಚಿಸಿತು. ಬೋರ್ಡಿಗೆ ವಾರಂಟಿ ಇತ್ತಲ್ಲ ಅಂತ ಮೇಷ್ಟ್ರು ಕೇಳಿದರು. ಇಲಿ ಕಡಿದದ್ದಕ್ಕೆ ವಾರಂಟಿ ಇಲ್ಲ. ಇದ್ದಿದ್ದರೂ ನನ್ನ ಹತ್ತಿರ ಬಿಲ್ಲಿರಲಿಲ್ಲ. ಶೇ 18 ಜಿಎಸ್‌ಟಿ ಉಳಿಯುತ್ತದೆ ಅಂತ ಬಿಲ್ಲಿಲ್ಲದೆ ತಂದವನೂ ನಾನೇ.

ಮಾವ ಈಗಲೂ ಪಹಣಿ ಜೆರಾಕ್ಸಿಗೆ ಅಂಗಡಿಗೆ ಬರುತ್ತಾರೆ. ಮೊದಮೊದಲು "ಅದೇನಾಯ್ತೋ?" ಅಂತ ಕೇಳುತ್ತಿದ್ದರು, ಆಮೇಲೆ ಬಿಟ್ಟರು. ಅವರ ಡಿಸ್ಕು, ಅದಕ್ಕೆಂದೇ ಕೊಂಡ ಜೋಡಿ ಡಿಸ್ಕು ಎರಡೂ ಕ್ಯಾಶ್ ಡ್ರಾಯರಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಹೋದ ತಿಂಗಳು ಚಿಪ್ಪು ಕಿತ್ತು ಕೂರಿಸುವ ಬಿಸಿಗಾಳಿಯ ಯಂತ್ರ ತಂದೆ. ಸತ್ತ ಬೋರ್ಡುಗಳ ಮೇಲೆ ಕೈ ಪಳಗಿಸುತ್ತಿದ್ದೇನೆ. ಇದುವರೆಗೆ ಹನ್ನೊಂದು ಚಿಪ್ಪು ಕಿತ್ತಿದ್ದೇನೆ, ನಾಲ್ಕು ಸುಟ್ಟಿವೆ. ಮಾವನಿಗೆ ಇನ್ನೂ ಹೇಳಿಲ್ಲ.