ಮನೆಯ ಗಣಕಗಳು: ಕಡತ ಹಂಚಿಕೆಯ ದೋಷನಿದಾನ

ರಂಗಂಪೇಟೆಯ ಮನೆಯೊಂದರಲ್ಲಿ ಎರಡು ಗಣಕಯಂತ್ರಗಳಿವೆಯೆಂದು ಭಾವಿಸೋಣ. ಸುರಪುರ ಸಂಸ್ಥಾನವನ್ನು ಕುರಿತ ವಿದ್ಯಾರ್ಥಿಯ ಪ್ರಬಂಧವು ಒಂದರಲ್ಲಿದೆ. ಮತ್ತೊಂದರಿಂದ ಅದು ತೆರೆಯದು. ವೈದ್ಯನು ಮದ್ದಿಗೆ ಮೊದಲು ನಿದಾನ ಮಾಡುವಂತೆ ಇಲ್ಲಿಯೂ ಕ್ರಮವಾಗಿ ಪರೀಕ್ಷಿಸಬೇಕು.

ಮೊದಲನೆಯದು ದಾರಿ. ಎರಡೂ ಯಂತ್ರಗಳು ಒಂದೇ ರೂಟರಿಗೆ ಸೇರಿರಬೇಕು. ಒಂದು ಮನೆಯ ವೈಫೈಗೂ ಮತ್ತೊಂದು ಮೊಬೈಲಿನ ಹಾಟ್‌ಸ್ಪಾಟಿಗೂ ಸೇರಿದ್ದರೆ ಅವುಗಳಿಗೆ ಭೇಟಿಯೇ ಇಲ್ಲ.

ಎರಡನೆಯದು ಗುರುತು. ವಿಂಡೋಸ್ ಮನೆಯ ಜಾಲವನ್ನು ‘ಪಬ್ಲಿಕ್’ ಎಂದು ಬಗೆದಿದ್ದರೆ ಫೈರ್‌ವಾಲ್ ಬಾಗಿಲಿಕ್ಕುತ್ತದೆ. ‘ಪ್ರೈವೇಟ್’ ಎಂದು ಬದಲಿಸಬೇಕು. ಹೆಸರಿನಿಂದ ದೊರೆಯದ ಯಂತ್ರವು ಐಪಿ ವಿಳಾಸದಿಂದ ದೊರೆತರೆ ದೋಷವು ಹೆಸರಿನ ಶೋಧದಲ್ಲಿದೆ, ದಾರಿಯಲ್ಲಿಲ್ಲ.

ಮೂರನೆಯದು ಅನುಮತಿ. ಹಂಚಿಕೆಯ ಅನುಮತಿ, ಫೋಲ್ಡರಿನ ಭದ್ರತೆಯ ಅನುಮತಿ ಎರಡೂ ಬೇಕು. ಬಿಗಿಯಾದುದರ ಮಾತೇ ನಡೆಯುತ್ತದೆ.

ಹಳೆಯ ಯಂತ್ರಗಳು ಎಸ್‌ಎಂಬಿ ಎಂಬ ವಿನಿಮಯಕ್ರಮದ ಮೊದಲ ಆವೃತ್ತಿಯನ್ನೇ ಬಲ್ಲವು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಪಿಡುಗು ಹಬ್ಬಿದ್ದು ಅದರ ಲೋಪದಿಂದಲೇ. ಅದನ್ನು ಮತ್ತೆ ತೆರೆಯುವುದಕ್ಕಿಂತ ಪೆನ್‌ಡ್ರೈವಿನಲ್ಲಿ ಒಯ್ಯುವುದು ಲೇಸು. ಬೇಸತ್ತು ಫೈರ್‌ವಾಲನ್ನೇ ನಿಲ್ಲಿಸುವುದಂತೂ ಕೀಲಿ ಸಿಗದೆಂದು ಕದವನ್ನೇ ಕಿತ್ತೆಸೆದಂತೆ. ಬೇಕಾದವನಿಗೆ ಬೇಕಾದಷ್ಟೇ ತೆರೆಯುವುದು ಹಂಚಿಕೆಯ ಧರ್ಮ.